ಯಾವ ಕಿಟಕಿ ಹಾಕಿಸುವುದು? ಜಾರುವುದೋ, ತೆರೆಯುವುದೋ, ಮೇಲ್ಕೀಲಿನದೋ

ಮನೆ ಕಟ್ಟಿಸುವವರೂ ಹಳೆಯ ಕಿಟಕಿ ಬದಲಿಸುವವರೂ ಮೊದಲು ಕೇಳುವುದು ಒಂದೇ ಮಾತು: ಸ್ಲೈಡಿಂಗ್ ಒಳ್ಳೆಯದೋ, ತೆರೆಯುವ ಬಾಗಿಲಿನದು ಒಳ್ಳೆಯದೋ? ಅದರ ಬೆನ್ನಿಗೇ ಚೌಕಟ್ಟು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದೋ, ಅಲ್ಯೂಮಿನಿಯಮ್ಮಿನದೋ, ಮರದ್ದೋ ಎನ್ನುವ ಪ್ರಶ್ನೆ. ಇವೆರಡಕ್ಕೂ ಮುಂಚೆ ಉತ್ತರ ಸಿಗಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಕಿಟಕಿಯನ್ನು ದಿನವೂ ಯಾರು ತೆರೆಯುತ್ತಾರೆ, ಎಲ್ಲಿ ನಿಂತು ತೆರೆಯುತ್ತಾರೆ?

ಕಿಟಕಿಯ ವಿಷಯದಲ್ಲಿ ವಿನ್ಯಾಸ ನಮ್ಮ ಅಭ್ಯಾಸವನ್ನು ಬಹಳ ಬೇಗ ತಿದ್ದಿಬಿಡುತ್ತದೆ. ಒಂದು ಕೈಯಲ್ಲಿ, ಒಂದೇ ಸಲಕ್ಕೆ ತೆರೆಯುವ ಕಿಟಕಿ ಬೆಳಗ್ಗೆ ತೆರೆಯುತ್ತದೆ, ರಾತ್ರಿ ಮುಚ್ಚುತ್ತದೆ. ಜಾಲರಿ ಸರಿಸಿ, ಚಿಲಕ ತೆಗೆದು, ಬಗ್ಗಿ ದೂಡಿ, ಕೊಕ್ಕೆ ಸಿಕ್ಕಿಸಬೇಕಾದ ಕಿಟಕಿ ಮೊದಲ ತಿಂಗಳು ತೆರೆಯುತ್ತದೆ, ಆಮೇಲೆ ಮುಚ್ಚಿಯೇ ಇರುತ್ತದೆ. ಕೋಣೆಯಲ್ಲಿ ಗಾಳಿ ಆಡುವುದಿಲ್ಲ ಎಂದು ದೂರುವ ಎಷ್ಟೋ ಕಡೆ ಕಿಟಕಿಯ ಅಳತೆ ಸಾಕಷ್ಟಿರುತ್ತದೆ, ತೆರೆಯುವುದೇ ಕಷ್ಟವಾಗಿರುತ್ತದೆ.

ಅಡುಗೆಮನೆಯ ಕಿಟಕಿಯನ್ನೇ ನೋಡಿ. ಕಟ್ಟೆಯ ಅಗಲ 600 ಮಿ.ಮೀ., ಅದರಾಚೆ ಗೋಡೆಯ ದಪ್ಪ ಸುಮಾರು 150, ಅಲ್ಲಿಂದ ಹೊರಕ್ಕೆ 600 ಮಿ.ಮೀ. ಅಗಲದ ಬಾಗಿಲು ತೆರೆದುಕೊಂಡಿದೆ. ಅದರ ಹಿಡಿ ಇರುವುದು ಕೀಲಿನಿಂದ ದೂರದ ಅಂಚಿನಲ್ಲಿ. ಬಾಗಿಲು ಪೂರ್ತಿ ತೆರೆದಾಗ ಕಟ್ಟೆಯ ಮುಂದೆ ನಿಂತವರಿಂದ ಹಿಡಿಗೆ 1,300 ಮಿ.ಮೀ.ಗೂ ಹೆಚ್ಚು ದೂರ. ಯಾರ ತೋಳೂ ಅಷ್ಟು ಉದ್ದವಿರುವುದಿಲ್ಲ. ಹಾಗಾಗಿ ಆ ಬಾಗಿಲನ್ನು ಒಂದು ಗೇಣು ಮಾತ್ರ ದೂಡಿ ಬಿಡುತ್ತಾರೆ, ಇಲ್ಲವೇ ತೆರೆಯುವುದನ್ನೇ ನಿಲ್ಲಿಸುತ್ತಾರೆ. ಅದೇ ಜಾಗದಲ್ಲಿ ಜಾರುವ ಕಿಟಕಿ ಇದ್ದರೆ ಬೆರಳ ತುದಿಯಲ್ಲಿ ಕೆಲಸ ಮುಗಿಯುತ್ತದೆ.

ಮೊದಲು ಅಳೆಯಬೇಕಾದ್ದು

ಎಲ್ಲಕ್ಕಿಂತ ಮುಖ್ಯ, ನಿಜವಾಗಿ ಎಷ್ಟು ಜಾಗ ತೆರೆದುಕೊಳ್ಳುತ್ತದೆ ಎಂಬುದು. ಗೋಡೆಯಲ್ಲಿನ ತೆರಪು 1500 × 1200 ಮಿ.ಮೀ. ಇದೆ ಎನ್ನಿ, ಅಂದರೆ 1.8 ಚದರ ಮೀಟರ್. ಎರಡು ಬಾಗಿಲಿನ ಜಾರುವ ಕಿಟಕಿಯಲ್ಲಿ ಒಂದು ಇನ್ನೊಂದರ ಹಿಂದೆ ಸರಿಯುವುದರಿಂದ ಸಿಗುವುದು ಅರ್ಧ, 0.9. ಮುಂದೆ ಸೊಳ್ಳೆ ಜಾಲರಿ ಬರುತ್ತದೆ. ಒಂದು ಇಂಚಿಗೆ 18 × 16 ಎಳೆಗಳಿರುವ, 0.28 ಮಿ.ಮೀ. ದಪ್ಪದ ಎಳೆಯ ಜಾಲರಿಯಲ್ಲಿ ತೂತುಗಳ ಪಾಲು ಸುಮಾರು 66%. ಈಗ ಉಳಿದದ್ದು 0.6. ಎರಡು ಬಾಗಿಲೂ ತೆರೆಯುವ ಕೀಲಿನ ಕಿಟಕಿಯಾದರೆ ಅದೇ ಜಾಲರಿ ಇದ್ದೂ 1.2 ಉಳಿಯುತ್ತದೆ. ಚೌಕಟ್ಟಿನ ದಪ್ಪವನ್ನು ಎರಡು ಕಡೆಯೂ ಕಳೆದಿಲ್ಲ. ಕಳೆದರೂ ಒಂದಕ್ಕೆರಡರಷ್ಟು ಎಂಬ ಅಂತರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಗೋಡೆಯ ತೆರಪು ಒಂದೇ, ಬರುವ ಗಾಳಿ ಬೇರೆ.

ಈ ಲೆಕ್ಕ ಎಲ್ಲ ಕೋಣೆಗೂ ಒಂದೇ ತೂಕದ್ದಲ್ಲ. ಎದುರುಬದುರು ಗೋಡೆಗಳಲ್ಲಿ ಕಿಟಕಿಗಳಿದ್ದರೆ ಛಾವಣಿಯ ಎತ್ತರದ ಐದು ಪಟ್ಟು ಆಳದವರೆಗೂ ಗಾಳಿ ಹಾಯುತ್ತದೆ ಎಂಬುದು ವಾಸ್ತುಶಿಲ್ಪಿಗಳು ಬಳಸುವ ಅಂದಾಜು. ಒಂದೇ ಗೋಡೆಯಲ್ಲಿ ಕಿಟಕಿ ಇದ್ದರೆ ಅದು ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು. 3 ಮೀಟರ್ ಎತ್ತರದ ಕೋಣೆಯಲ್ಲಿ 6 ಮೀಟರ್ ದಾಟಿದ ಮೇಲೆ ಗಾಳಿ ಕೂತುಬಿಡುತ್ತದೆ. ಒಂದೇ ಕಡೆ ಕಿಟಕಿ ಇರುವ ಕೋಣೆಯಲ್ಲಿ ಅರ್ಧ ತೆರೆಯುವ ಕಿಟಕಿ ಹಾಕಿಸಿದರೆ ಅಲ್ಲಿ ಮಲಗುವವರು ವರ್ಷಗಟ್ಟಲೆ ಅನುಭವಿಸಬೇಕಾಗುತ್ತದೆ. ಎದುರುಬದುರು ಇದ್ದರೆ ಆ ನಷ್ಟ ಅಷ್ಟಾಗಿ ಕಾಣುವುದಿಲ್ಲ. ಆದರೆ ಅಲ್ಲೂ ಹರಿವನ್ನು ಹಿಡಿದಿಡುವುದು ಎರಡರಲ್ಲಿ ಚಿಕ್ಕ ತೆರಪು. ಒಂದು ಕಡೆ ದೊಡ್ಡ ಕಿಟಕಿ ಇಟ್ಟು ಎದುರಿಗೆ ಕೈಯಗಲದ ವೆಂಟಿಲೇಟರ್ ಬಿಟ್ಟರೆ ದೊಡ್ಡದಕ್ಕೆ ಖರ್ಚು ಮಾಡಿದ್ದರಲ್ಲಿ ಬಹುಪಾಲು ವ್ಯರ್ಥ.

ಉಳಿದ ಮಾನದಂಡಗಳು ಇವು. ಮಳೆ ಬರುವಾಗಲೂ ತೆರೆದಿಡಬಹುದೇ? ಮುಚ್ಚಿದಾಗ ರಸ್ತೆಯ ಸದ್ದು, ಧೂಳು ಎಷ್ಟು ತಡೆಯುತ್ತದೆ? ಹೊರಗಿನ ಗಾಜನ್ನು ಒಳಗೆ ನಿಂತೇ ಒರೆಸಬಹುದೇ? ಗ್ರಿಲ್ ಮತ್ತು ಜಾಲರಿ ಎಲ್ಲಿ ಕೂರುತ್ತವೆ? ಹಿಡಿ ನೆಲದಿಂದ 900ರಿಂದ 1200 ಮಿ.ಮೀ. ಒಳಗೆ ಬರುತ್ತದೆಯೇ? ಈ ಎತ್ತರ ನಿಂತವರಿಗೂ ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟುಕುತ್ತದೆ. ಮಕ್ಕಳಿರುವ ಮೇಲ್ಮಹಡಿಯಾದರೆ ಸಂದು 100 ಮಿ.ಮೀ.ಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಲು ಬರುತ್ತದೆಯೇ?

ಜಾರುವ ಕಿಟಕಿ

ಒಳಗೂ ಹೊರಗೂ ಜಾಗ ತಿನ್ನದಿರುವುದು ಇದರ ದೊಡ್ಡ ಗುಣ. ಮೇಜು, ಮಂಚ, ಅಡುಗೆ ಕಟ್ಟೆ ಯಾವುದನ್ನು ಬೇಕಾದರೂ ಕಿಟಕಿಗೆ ತಾಗಿಸಿಡಬಹುದು. ಓಡಾಡುವ ಮೊಗಸಾಲೆಯ ಕಡೆ ತೆರೆಯುವ ಬಾಗಿಲು ಹಾಕಿದರೆ ಹಾದುಹೋಗುವವರ ತಲೆಗೆ ಬಡಿಯುತ್ತದೆ. ಅಲ್ಲಿ ಸ್ಲೈಡಿಂಗ್‌ಗೆ ಬದಲಿಯೇ ಇಲ್ಲ. ಅಗಲವಾದ ತೆರಪಿಗೆ ಕಡಿಮೆ ಖರ್ಚಿನಲ್ಲಿ ಹೊಂದುವುದೂ ಇದೇ. ಮೂರು ಟ್ರ್ಯಾಕಿನಲ್ಲಿ ಮೂರು ಗಾಜಿನ ಬಾಗಿಲು ಹಾಕಿಸಿದರೆ ಮೂರನೇ ಎರಡು ಭಾಗ ತೆರೆಯುತ್ತದೆ. ಆದರೆ ಸಾಮಾನ್ಯವಾಗಿ ಮೂರನೆಯ ಟ್ರ್ಯಾಕು ಜಾಲರಿಗೆ ಹೋಗಿಬಿಡುತ್ತದೆ, ಮತ್ತೆ ಅರ್ಧಕ್ಕೇ ಬಂದು ನಿಲ್ಲುತ್ತೇವೆ. ‘ಮೂರು ಟ್ರ್ಯಾಕ್’ ಎಂಬ ಮಾತಿಗೆ ಮರುಳಾಗದೆ, ಅದರಲ್ಲಿ ಗಾಜೆಷ್ಟು, ಜಾಲರಿಯೆಷ್ಟು ಎಂದು ಬರೆಸಿಕೊಳ್ಳಿ.

ಇದರ ನೋವೆಲ್ಲ ಕೆಳಗಿನ ಟ್ರ್ಯಾಕಿನಲ್ಲಿದೆ. ಮಳೆನೀರು ಅಲ್ಲಿ ಇಳಿಯುವುದು ಸಹಜ, ಅದಕ್ಕೆಂದೇ ಹೊರಮುಖದಲ್ಲಿ ಸಣ್ಣ ತೂತುಗಳಿರುತ್ತವೆ. ಧೂಳು, ಸತ್ತ ಹುಳು, ಗಾರೆಯ ಚೂರು ಸೇರಿ ಅವು ಕಟ್ಟಿಕೊಂಡರೆ ನೀರು ತುಂಬಿ ಒಳಗಿನ ಅಂಚು ದಾಟಿ ಗೋಡೆಗೆ ಇಳಿಯುತ್ತದೆ. ಜನ ಸೀಲ್ ಹಾಳಾಗಿದೆ ಎಂದುಕೊಂಡು ಸಿಲಿಕಾನ್ ಬಳಿಯುತ್ತಾರೆ, ಕೆಲವೊಮ್ಮೆ ಆ ತೂತಿನ ಮೇಲೆಯೇ. ಹಾಗೆ ಮಾಡಿದರೆ ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಸರಿಯಾದ ಕ್ರಮ ಇದು: ಒಣ ಬ್ರಷ್‌ನಿಂದ ಟ್ರ್ಯಾಕ್ ಗುಡಿಸಿ, ತೆಳು ತಂತಿಯಿಂದ ಪ್ರತಿ ತೂತನ್ನೂ ಚುಚ್ಚಿ ಬಿಡಿಸಿ, ಒಂದು ಲೋಟ ನೀರು ಸುರಿದು ಅದು ಹೊರಗೆ ಇಳಿಯುವುದನ್ನು ಕಣ್ಣಾರೆ ನೋಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಹೀಗೆ ಮಾಡಿದರೆ ಸಾಕು. ಬಾಗಿಲು ಬಿಗಿಯಾದರೆ ಎಣ್ಣೆ ಬಿಡಬೇಡಿ, ಅದು ಧೂಳನ್ನು ಹಿಡಿದು ಮೇಣವಾಗುತ್ತದೆ. ಸಿಲಿಕಾನ್ ಸ್ಪ್ರೇ ಸಾಕು. ಬಾಗಿಲು ಓರೆಯಾಗಿ ಉಜ್ಜುತ್ತಿದ್ದರೆ ಅದರ ತಳದ ಮೂಲೆಯಲ್ಲಿ ರೋಲರ್ ಎತ್ತಿ ಇಳಿಸುವ ತಿರುಪು ಇದೆಯೇ ನೋಡಿ. ಇದ್ದರೆ ಕಾಲು ಸುತ್ತು ತಿರುಗಿಸಿದರೂ ವ್ಯತ್ಯಾಸ ತಿಳಿಯುತ್ತದೆ.

ಸದ್ದಿನ ವಿಷಯದಲ್ಲಿ ಇದು ಹಿಂದೆ. ಬಾಗಿಲು ಸರಿದಾಡಬೇಕಾದ್ದರಿಂದ ಅಂಚಿಗೆ ಮೆತ್ತನೆಯ ಕುಚ್ಚಿನ ಪಟ್ಟಿ ಇರುತ್ತದೆಯೇ ಹೊರತು ಒತ್ತಿ ಕೂರುವ ರಬ್ಬರ್ ಇರುವುದಿಲ್ಲ. ಗಾಳಿ ನುಸುಳುವ ಕಡೆ ಸದ್ದೂ ನುಸುಳುತ್ತದೆ. ದುಬಾರಿ ಜೋಡಿಗಾಜು ಹಾಕಿಸಿಯೂ ವಾಹನದ ಸದ್ದು ಕೇಳುತ್ತದೆ ಎನ್ನುವವರ ಕಿಟಕಿ ಹೆಚ್ಚಾಗಿ ಜಾರುವಂಥದ್ದೇ ಆಗಿರುತ್ತದೆ.

ಪಕ್ಕಕ್ಕೆ ತೆರೆಯುವ ಕೀಲಿನ ಕಿಟಕಿ

ಮಲಗುವ ಕೋಣೆಗೆ ಮೊದಲ ಆಯ್ಕೆ ಇದೇ ಆಗಲಿ ಎನ್ನುತ್ತೇವೆ. ಪೂರ್ತಿ ತೆರೆಯುತ್ತದೆ, ಮುಚ್ಚಿದಾಗ ನಾಲ್ಕೂ ಕಡೆ ರಬ್ಬರ್ ಗ್ಯಾಸ್ಕೆಟ್ ಮೇಲೆ ಒತ್ತಿ ಕೂರುತ್ತದೆ. ಗೋಡೆಯ ಉದ್ದಕ್ಕೆ ಸಮಾನಾಂತರವಾಗಿ ಬೀಸಿ ಹೋಗುವ ಗಾಳಿಯನ್ನು ಹೊರಗೆ ಚಾಚಿದ ಬಾಗಿಲು ತಡೆದು ಒಳಕ್ಕೆ ತಿರುಗಿಸುತ್ತದೆ. ಗಾಳಿ ಯಾವ ಕಡೆಯಿಂದ ಹೆಚ್ಚು ಬರುತ್ತದೆ ಎಂದು ಗೊತ್ತಿದ್ದರೆ ಕೀಲನ್ನು ಅದರ ವಿರುದ್ಧದ ಅಂಚಿಗೆ ಹಾಕಿಸಿ, ಬಾಗಿಲು ಸೆರಗೊಡ್ಡಿದಂತೆ ಗಾಳಿ ಹಿಡಿಯುತ್ತದೆ. ಕೀಲು ಗಾಳಿಯ ಕಡೆಗೇ ಇದ್ದರೆ ಅದೇ ಬಾಗಿಲು ಅಡ್ಡ ನಿಲ್ಲುತ್ತದೆ. ಎಡಕ್ಕೆ ಹಾಕಿಸಿದರೂ ಬಲಕ್ಕೆ ಹಾಕಿಸಿದರೂ ಖರ್ಚು ಒಂದೇ. ಆರ್ಡರ್ ಕೊಡುವಾಗ ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು.

ಅಗಲದ ಮಿತಿ ನೆನಪಿರಲಿ. ಗಾಜಿನ ತೂಕ ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. 600 × 1200 ಮಿ.ಮೀ. ಬಾಗಿಲಿಗೆ 5 ಮಿ.ಮೀ. ಗಾಜು ಹಾಕಿದರೆ ಗಾಜೇ 9 ಕೆ.ಜಿ., ಜೋಡಿಗಾಜಾದರೆ 18. ಅದೆಲ್ಲ ಒಂದು ಅಂಚಿನ ಕೀಲಿನಲ್ಲಿ ನೇತಾಡುತ್ತದೆ. ಅಗಲ 700 ದಾಟಿದರೆ ಕೆಲ ವರ್ಷಗಳಲ್ಲಿ ಹಿಡಿಯ ಕಡೆಯ ತಳ ಜೋತು ಚೌಕಟ್ಟಿಗೆ ಉಜ್ಜಲು ಶುರುವಾಗುತ್ತದೆ. ಆಮೇಲೆ ಅದನ್ನು ಎತ್ತಿ ಹಿಡಿದು ಮುಚ್ಚಬೇಕು, ಕ್ರಮೇಣ ಯಾರೂ ತೆರೆಯುವುದಿಲ್ಲ. ಅಗಲ ಬೇಕಿದ್ದರೆ ನಡುವೆ ತೆರೆಯದ ಗಾಜು, ಎರಡು ಬದಿಗೆ 600ರ ಬಾಗಿಲು ಎಂದು ವಿಂಗಡಿಸಿ.

ಇನ್ನು ಗ್ರಿಲ್, ಜಾಲರಿಯ ತೊಡಕು. ಹೊರಕ್ಕೆ ತೆರೆಯುವ ಬಾಗಿಲಾದರೆ ಎರಡೂ ಒಳಗೇ ಬರಬೇಕು. ಹಾಗಾದಾಗ ಹಿಡಿ ಮುಟ್ಟಲು ಪ್ರತಿ ಸಲವೂ ಜಾಲರಿ ತೆಗೆಯಬೇಕು, ಸಂಜೆ ಸೊಳ್ಳೆ ನುಗ್ಗುವುದು ಆಗಲೇ. ಮೇಲಿನಿಂದ ಇಳಿಯುವ ಅಥವಾ ಪಕ್ಕಕ್ಕೆ ಸುತ್ತಿಕೊಳ್ಳುವ ಜಾಲರಿ ಇದನ್ನು ಸ್ವಲ್ಪ ಸಲೀಸು ಮಾಡುತ್ತದೆ. ಒಳಕ್ಕೆ ತೆರೆಯುವ ಬಾಗಿಲಾದರೆ ಗ್ರಿಲ್, ಜಾಲರಿ ಎರಡೂ ಹೊರಗಿರುತ್ತವೆ, ಕೈಗೆ ಅಡ್ಡಿಯಿಲ್ಲ, ಹೊರಗಾಜನ್ನೂ ಒಳಗೆ ನಿಂತೇ ಒರೆಸಬಹುದು. ಆದರೆ ಪರದೆಯನ್ನು ಪೂರ್ತಿ ಸರಿಸಬೇಕು, ಸಿಲ್ (ಕಿಟಕಿಯ ತಳದ ಕಟ್ಟೆ) ಮೇಲೆ ಏನನ್ನೂ ಇಡುವಂತಿಲ್ಲ, ತೆರೆದ ಬಾಗಿಲಿನ ಮೂಲೆ ಮಕ್ಕಳ ಹಣೆಯ ಎತ್ತರಕ್ಕೆ ಬರುತ್ತದೆ. ಹೊರಕ್ಕೋ ಒಳಕ್ಕೋ ಎಂಬುದನ್ನು ಗೋಡೆ ಏಳುವ ಮೊದಲೇ ತೀರ್ಮಾನಿಸಿ, ಗ್ರಿಲ್ ಕೂರಿಸಿದ ಮೇಲೆ ಬದಲಿಸಲು ಬರುವುದಿಲ್ಲ.

ಮೇಲ್ಕೀಲಿನ ಕಿಟಕಿ

ಕೀಲು ಮೇಲಂಚಿನಲ್ಲಿ, ತೆರೆಯುವುದು ತಳದಿಂದ. ಬಾಗಿಲೇ ಸಜ್ಜದ ಕೆಲಸ ಮಾಡುವುದರಿಂದ ನೆಟ್ಟಗೆ ಸುರಿಯುವ ಮಳೆಯಲ್ಲೂ ತೆರೆದಿಡಬಹುದು. ಸ್ನಾನದ ಮನೆಗೆ, ಮೆಟ್ಟಿಲ ಬಳಿಯ ಎತ್ತರದ ಕಿಟಕಿಗೆ, ದಿನವಿಡೀ ಯಾರೂ ಇರದ ಮನೆಗೆ ಇದು ಬಹಳ ಒಳ್ಳೆಯದು. 1200 × 600 ಮಿ.ಮೀ. ಬಾಗಿಲನ್ನು ತಳದಲ್ಲಿ 200 ಮಿ.ಮೀ. ದೂಡಿದರೆ ತಳದ ಸಂದು, ಎರಡು ಪಕ್ಕದ ತ್ರಿಕೋನ ಎಲ್ಲ ಸೇರಿ 0.36 ಚದರ ಮೀಟರ್, ಅಂದರೆ ತೆರಪಿನ ಅರ್ಧ. ಗಾಳಿಯಲ್ಲಿ ಜಾರುವ ಕಿಟಕಿಗೆ ಸಮ, ಮಳೆಯಲ್ಲಿ ಅದಕ್ಕಿಂತ ಮೇಲು. ಹೊರಗಾಜನ್ನು ಒರೆಸಲು ಮಾತ್ರ ಹೊರಗಿನಿಂದಲೇ ಆಗಬೇಕು, ಮೇಲ್ಮಹಡಿಯಲ್ಲಿ ಇದು ಸಣ್ಣ ಮಾತಲ್ಲ.

ವಾಲಿಸಿ ತಿರುಗಿಸುವ ಕಿಟಕಿ

ಟಿಲ್ಟ್ ಅಂಡ್ ಟರ್ನ್ ಎಂದು ಮಾರುವುದು ಇದನ್ನೇ. ಹಿಡಿ ಕೆಳಮುಖವಾಗಿದ್ದರೆ ಮುಚ್ಚಿದೆ, ಅಡ್ಡ ಮಾಡಿದರೆ ಬಾಗಿಲಿನಂತೆ ಒಳಕ್ಕೆ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ಮೇಲಂಚು ಮಾತ್ರ ಒಳಕ್ಕೆ ವಾಲಿ ಸಂದು ಬಿಡುತ್ತದೆ. ರಾತ್ರಿಯಿಡೀ ವಾಲಿಸಿಟ್ಟರೂ ಮಗುವಿಗೆ ಹೊರಗೆ ದಾಟುವುದು ಸುಲಭವಲ್ಲ. ಸದ್ದು ತಡೆಯುವುದರಲ್ಲಿ, ಒರೆಸುವ ಸೌಲಭ್ಯದಲ್ಲಿ ಎಲ್ಲಕ್ಕಿಂತ ಮುಂದೆ, ಬೆಲೆಯಲ್ಲೂ. ಬಾಗಿಲು ತೆರೆದಿರುವಾಗ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಮೇಲಿನ ಒಂದು ಕೀಲು ಬಿಟ್ಟುಕೊಂಡು ಬಾಗಿಲು ಒಂದೇ ಮೂಲೆಯಲ್ಲಿ ನೇತಾಡುತ್ತದೆ, ನೋಡಿದವರು ಬಿದ್ದೇ ಹೋಯಿತು ಎಂದು ಹೆದರುತ್ತಾರೆ. ಬಿಡಬೇಡಿ, ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದು ಹಿಡಿಯನ್ನು ಅಡ್ಡಕ್ಕೆ ತಂದರೆ ಕೀಲು ಮತ್ತೆ ಕಚ್ಚಿಕೊಳ್ಳುತ್ತದೆ. ತಪ್ಪು ತಿರುವನ್ನು ತಡೆಯುವ ಬೀಗ ಇರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ, ಮನೆಗೆ ಬಂದವರೆಲ್ಲರಿಗೂ ಹಿಡಿಯ ಪಾಠ ಹೇಳುತ್ತಾ ಕೂರಲು ಆಗುವುದಿಲ್ಲ.

ಪಟ್ಟಿಗಾಜಿನ ಲೂವರ್, ತೆರೆಯದ ಗಾಜು

ಲೂವರ್ ಬೆಲೆ ಕಡಿಮೆ, ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ, ಗಾಳಿಯನ್ನು ಬೇಕಾದ ಕೋನಕ್ಕೆ ತಿರುಗಿಸುತ್ತದೆ. ಆದರೆ ಎಂದೂ ಪೂರ್ತಿ ಮುಚ್ಚುವುದಿಲ್ಲ. ಪಟ್ಟಿಗಳ ನಡುವೆ ಧೂಳು, ಸದ್ದು, ಚಳಿ ಎಲ್ಲ ಬರುತ್ತವೆ, ಹೊರಗಿನಿಂದ ಪಟ್ಟಿ ಕಳಚುವುದೂ ಕಷ್ಟವಲ್ಲ. ಉಗ್ರಾಣ, ಬಟ್ಟೆ ಒಗೆಯುವ ಜಾಗ, ಸ್ನಾನದ ಮನೆಗಷ್ಟೇ ಇಡಿ.

ತೆರೆಯದ ಗಾಜು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಭದ್ರ. ಹಣ ಉಳಿಸುವ ಒಳ್ಳೆಯ ದಾರಿಯೂ ಇದೇ: ದೊಡ್ಡ ಕಿಟಕಿಯ ಎಲ್ಲ ಭಾಗವನ್ನೂ ಕಳಪೆ ಸ್ಲೈಡಿಂಗ್ ಮಾಡಿಸುವ ಬದಲು ಮೂರರಲ್ಲಿ ಎರಡು ಭಾಗ ತೆರೆಯದ ಗಾಜು, ಒಂದು ಭಾಗ ಒಳ್ಳೆಯ ಕೀಲಿನ ಬಾಗಿಲು ಮಾಡಿಸಿ. ಮಲಗುವ ಕೋಣೆಯಲ್ಲಿ ಆ ಬಾಗಿಲು ಬೆಂಕಿ ಬಿದ್ದಾಗ ಹೊರಗೆ ನುಸುಳುವಷ್ಟಾದರೂ ಇರಲಿ. ಅಮೆರಿಕದ ವಸತಿ ನಿಯಮಾವಳಿ ಇದಕ್ಕೆ ಕನಿಷ್ಠ 508 ಮಿ.ಮೀ. ಅಗಲ, 610 ಮಿ.ಮೀ. ಎತ್ತರ ಕೇಳುತ್ತದೆ. ಎರಡೂ ಕನಿಷ್ಠದಲ್ಲೇ ಇದ್ದರೆ ಸಾಲದು, ಒಟ್ಟು ತೆರಪು ಸುಮಾರು 0.53 ಚದರ ಮೀಟರ್ ಆಗಬೇಕು. ಒಳಗೆ ಗ್ರಿಲ್ ಇದ್ದರೆ ಅದರಲ್ಲೂ ತೆರೆಯುವ ಭಾಗ ಬೇಕು.

ಆಕಾರ ಮತ್ತು ಎತ್ತರ

1920ರ ದಶಕದಲ್ಲಿ ಫ್ರಾನ್ಸಿನಲ್ಲಿ ವಾಸ್ತುಶಿಲ್ಪಿಗಳಾದ ಓಗಸ್ಟ್ ಪೆರೆ ಮತ್ತು ಲೆ ಕಾರ್ಬ್ಯೂಸಿಯೆ ನಡುವೆ ಕಿಟಕಿಯ ಆಕಾರದ ಬಗ್ಗೆಯೇ ವಾದ ನಡೆದಿತ್ತು. ಕಿಟಕಿ ನಿಂತ ಮನುಷ್ಯನಂತೆ ಉದ್ದಕ್ಕಿರಬೇಕು ಎಂದು ಪೆರೆ, ಗೋಡೆಯುದ್ದಕ್ಕೂ ಅಡ್ಡ ಹಾಸಬೇಕು ಎಂದು ಲೆ ಕಾರ್ಬ್ಯೂಸಿಯೆ. ಬೆಳಕು ಕೋಣೆಯ ಆಳಕ್ಕೆ ಹೋಗುವುದು ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ, ಸುಮಾರು ಅದರ ಎರಡು ಪಟ್ಟು. ಮೇಲಂಚು 2.1 ಮೀಟರಿನಲ್ಲಿದ್ದರೆ 4.2 ಮೀಟರ್, 2.4ಕ್ಕೆ ಏರಿಸಿದರೆ 4.8. ಆಳವಾದ ಕೋಣೆಗೆ ಉದ್ದ ಕಿಟಕಿ, ಆಳ ಕಡಿಮೆ ಇರುವ ಅಗಲ ಕೋಣೆಗೆ ಅಡ್ಡ ಕಿಟಕಿ ಹೊಂದುತ್ತದೆ. ಉದ್ದ ಕಿಟಕಿಯಲ್ಲಿ ಬಿಸಿಗಾಳಿ ಮೇಲಿನಿಂದ ಹೊರಟು ತಂಪುಗಾಳಿ ಕೆಳಗಿನಿಂದ ಬರುವುದಕ್ಕೂ ಎಡೆಯಿದೆ, ಮೇಲೂ ಕೆಳಗೂ ಬೇರೆಬೇರೆ ಬಾಗಿಲು ಮಾಡಿಸಿದರೆ ಮಾತ್ರ.

ಸಿಲ್ಲಿನ ಎತ್ತರ ಎಲ್ಲ ಕಡೆಯೂ 900 ಮಿ.ಮೀ. ಎಂದು ಬರೆದುಬಿಡುವುದು ರೂಢಿ. ಕುರ್ಚಿಯಲ್ಲಿ ಕೂತವರ ಕಣ್ಣು ಸುಮಾರು 1150 ಮಿ.ಮೀ. ಎತ್ತರದಲ್ಲಿರುತ್ತದೆ, ಅವರಿಗೆ ಇದು ಸರಿ. ಮಂಚದ ಮೇಲೆ ಮಲಗಿದವರಿಗೆ ಬರೀ ಆಕಾಶ. ಇದು ಸಣ್ಣ ವಿಷಯವಲ್ಲ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 1972ರಿಂದ 1981ರವರೆಗಿನ ದಾಖಲೆಗಳನ್ನು ನೋಡಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದ 23 ಜನ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಜನರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡಿದ್ದರು. ಹಾಸಿಗೆ ಹಿಡಿದ ಹಿರಿಯರು ಇರುವ ಕೋಣೆಗೆ ಸಿಲ್ 600 ಮಿ.ಮೀ.ಗೆ ಇಳಿಸಿ. ಹಾಗೆ ಇಳಿಸಿದಾಗ ಕೆಳಭಾಗ ತೆರೆಯದ ಗಾಜಾಗಿರಲಿ, ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ್ದು) ಅಥವಾ ಲ್ಯಾಮಿನೇಟೆಡ್ (ನಡುವೆ ಪದರವಿಟ್ಟು ಅಂಟಿಸಿದ್ದು) ಆಗಿರಲಿ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲವಾದ್ದರಿಂದ ಅಳತೆಯಲ್ಲಿ ತಪ್ಪಬಾರದು.

ಚೌಕಟ್ಟು ಯಾವುದರದ್ದು

ಅಲ್ಯೂಮಿನಿಯಂ ಸಪೂರ, ಗಟ್ಟಿ. ಆದರೆ ಯುಪಿವಿಸಿ, ಮರಗಳಿಗಿಂತ ನೂರಾರು ಪಟ್ಟು ಬೇಗ ಬಿಸಿಯನ್ನು ಸಾಗಿಸುತ್ತದೆ. ಬಹಳ ಚಳಿ ಅಥವಾ ಸದಾ ಏಸಿ ಇರುವ ಕಡೆ ನಡುವೆ ಬಿಸಿ ದಾಟದಂತೆ ತಡೆಯುವ ಪಾಲಿಅಮೈಡ್ ಪ್ಲಾಸ್ಟಿಕ್ ಪಟ್ಟಿ ಇರುವ ಅಲ್ಯೂಮಿನಿಯಂ ತೆಗೆದುಕೊಳ್ಳಿ, ಇಲ್ಲದಿದ್ದರೆ ಚೌಕಟ್ಟೇ ಬೆವರುತ್ತದೆ. ಯುಪಿವಿಸಿ ಬಿಸಿಗೆ ಹಿಗ್ಗುತ್ತದೆ: 2 ಮೀಟರ್ ಉದ್ದಕ್ಕೆ 30 ಡಿಗ್ರಿ ಏರಿದರೆ ಸುಮಾರು 4 ಮಿ.ಮೀ. ಅದೇ ಉದ್ದದ ಅಲ್ಯೂಮಿನಿಯಂ ಒಂದೂವರೆ ಮಿ.ಮೀ. ಕೂಡ ಹಿಗ್ಗದು. ಯುಪಿವಿಸಿಯನ್ನು ಗಾರೆಯಲ್ಲಿ ಬಿಗಿಯಾಗಿ ಹೂತರೆ ಬೇಸಗೆಯಲ್ಲಿ ಬಾಗಿ ಬಾಗಿಲು ಹಿಡಿದುಕೊಳ್ಳುವುದು ಇದರಿಂದಲೇ. ಸುತ್ತ 5ರಿಂದ 10 ಮಿ.ಮೀ. ಸಂದು ಬಿಟ್ಟು ಫೋಮ್ ತುಂಬಿಸಿ, ಹೊರಗೆ ಸೀಲೆಂಟ್ ಎಳೆಸಿ. ಮರ ತೇವಕ್ಕೆ ಉಬ್ಬುತ್ತದೆ, ಆಗಾಗ ಬಣ್ಣ ಬೇಡುತ್ತದೆ, ಆದರೆ ಸ್ಥಳೀಯ ಬಡಗಿಯೇ ರಿಪೇರಿ ಮಾಡಬಲ್ಲ ಚೌಕಟ್ಟು ಇದೊಂದೇ. ಹಣ ಕಡಿಮೆಯಿದ್ದರೆ ಚೌಕಟ್ಟಿನಲ್ಲಿ ಉಳಿಸಿ, ಕೀಲು, ಹಿಡಿ, ರೋಲರಿನಲ್ಲಿ ಉಳಿಸಬೇಡಿ. ದಿನವೂ ಸವೆಯುವುದು ಅವೇ.

ಆರ್ಡರ್ ಕೊಡುವಾಗ, ಕೂರಿಸುವಾಗ

ತೆರಪಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ, ಎತ್ತರವನ್ನೂ ಹಾಗೇ. ಅತಿ ಕಡಿಮೆ ಬಂದದ್ದೇ ಅಳತೆ, ಅದರಿಂದ ಸುತ್ತಲಿನ ಸಂದಿಗೆ 10 ಮಿ.ಮೀ.ಯಾದರೂ ಕಳೆಯಿರಿ. ಎರಡೂ ಕರ್ಣ ಅಳೆದು ನೋಡಿ, 5 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಮೊದಲು ಗಾರೆ ಸರಿಪಡಿಸಲಿ. ಸಿಲ್ ಹೊರಕ್ಕೆ ಇಳಿಜಾರಾಗಿರಬೇಕು, ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಲು ಗೀರು ಇರಬೇಕು. ತಿರುಪುಗಳು ಮೂಲೆಯಿಂದ ಸುಮಾರು 150 ಮಿ.ಮೀ.ಯಲ್ಲಿ ಶುರುವಾಗಿ ಒಂದಕ್ಕೊಂದು 600 ಮೀರದಂತೆ ಬರಲಿ.

ಕೆಲಸ ಮುಗಿಯಿತು ಎಂದಾಗ ಕೊನೆಯ ಕಂತು ಕೊಡುವ ಮೊದಲು ಒಂದು ಕಾಗದದ ಪಟ್ಟಿಯನ್ನು ಬಾಗಿಲು ಮತ್ತು ಚೌಕಟ್ಟಿನ ನಡುವೆ ಇಟ್ಟು ಮುಚ್ಚಿ ಎಳೆಯಿರಿ. ಕೀಲಿನ ಕಿಟಕಿಯಲ್ಲಿ ಅದು ಸಲೀಸಾಗಿ ಬಂದರೆ ಆ ಜಾಗದಲ್ಲಿ ಗ್ಯಾಸ್ಕೆಟ್ ಒತ್ತುತ್ತಿಲ್ಲ. ಲಾಕಿನ ಗುಂಡಿಯನ್ನು ತಿರುಗಿಸಿ ಬಿಗಿ ಮಾಡಿಸಿ, ನಾಲ್ಕೂ ಮೂಲೆಯಲ್ಲಿ ಮತ್ತೆ ನೋಡಿ. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡಗಿರುವವರ ಕೈಯಲ್ಲಿ, ಪರದೆ, ಜಾಲರಿ, ಮಂಚ ಎಲ್ಲ ಅವುಗಳ ಜಾಗದಲ್ಲಿರುವಾಗ, ತೆರೆಸಿ ಮುಚ್ಚಿಸಿ. ಚೌಕಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅಂದೇ ಕೀಳಿ, ಬಿಸಿಲಿಗೆ ತಿಂಗಳುಗಟ್ಟಲೆ ಬಿಟ್ಟರೆ ಅಂಟು ಹಿಡಿದು ಮತ್ತೆ ಬರುವುದಿಲ್ಲ.